ಬಲಗೊಂಬಿನ ತನಿಖೆ

ಅನುಮಾನ ಪಡುವುದಕ್ಕೂ ಒಂದು ಶ್ರದ್ಧೆ ಬೇಕು. ಆ ಶ್ರದ್ಧೆ ಊರಿನ ಉದ್ಯಾನದಲ್ಲಿ ಜಿಂಕೆ ಆವರಣದ ಮೇಲ್ವಿಚಾರಕರಾಗಿದ್ದವರಲ್ಲಿ ಇದ್ದಷ್ಟು ಬೇರೆ ಯಾರಲ್ಲೂ ಇರಲಿಲ್ಲ. ಹಾಲಿನವನು ನಗುತ್ತಾ ಹಾಲು ಹಾಕಿದರೆ ನೀರು ಬೆರೆಸಿದ್ದಾನೆ ಎಂದೂ, ನಗದೆ ಹಾಕಿದರೆ ನೀರು ಬೆರೆಸಿದ್ದು ಗೊತ್ತಾಗಬಾರದೆಂದು ಮುಖ ಗಂಟಿಕ್ಕಿಕೊಂಡಿದ್ದಾನೆ ಎಂದೂ ಅವರು ತೀರ್ಮಾನಿಸುತ್ತಿದ್ದರು. ಹೆಂಡತಿ ಕೇಳದೆಯೇ ಇನ್ನೊಂದು ಲೋಟ ಚಹಾ ತಂದಿಟ್ಟರೆ, "ಏನು ವಿಷಯ?" ಎನ್ನುತ್ತಿದ್ದರು. ಬೀದಿಯವರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ಮೊದಲು ಇಟ್ಟವರು ಯಾರು ಎಂಬ ಬಗ್ಗೆಯೂ ಅವರ ತನಿಖೆ ನಡೆದೇ ಇತ್ತು.

ಇಂಥ ಭೂತಗನ್ನಡಿಯವರು ಪೂರ್ತಿ ನಂಬಿದ್ದ ಜೀವ ಜಗತ್ತಿನಲ್ಲಿ ಒಂದೇ. ಅದು ಆವರಣದ ದೊಡ್ಡ ಗಂಡು ಜಿಂಕೆ. ಅದರ ನಡಿಗೆಯ ಠೀವಿ ನೋಡಿ ಎಲ್ಲರೂ ಅದನ್ನು ದೊರೆ ಎನ್ನುತ್ತಿದ್ದರು. ಪ್ರತಿ ವರ್ಷ ಚಳಿಗಾಲದ ಕೊನೆಗೆ ದೊರೆಯ ಕೊಂಬುಗಳು ಕಳಚಿ ಬೀಳುತ್ತಿದ್ದವು. ಆಮೇಲೆ ಹೊಸ ಕೊಂಬು ಮೊಳೆತು, ಮಖಮಲ್ಲಿನಂಥ ತೊಗಲು ಹೊದ್ದುಕೊಂಡೇ ಕವಲೊಡೆದು ಬೆಳೆದು, ಬೇಸಿಗೆ ಕಳೆದ ಮೇಲೆ ಆ ತೊಗಲು ಸುಲಿದುಹೋಗಿ ಹೊಳೆಯುತ್ತಾ ನಿಲ್ಲುತ್ತಿತ್ತು. ಎಡದ್ದೂ ಬಲದ್ದೂ ಒಂದೇ ಸಮ.

ಇದು ದೊರೆಯ ಹೆಗ್ಗಳಿಕೆ ಎಂದು ಊರು ತಿಳಿದಿತ್ತು. ಭೂತಗನ್ನಡಿಯವರ ಪ್ರಕಾರ ಇದು ಅವರದು. ಬೇಲಿಗೆ ಎಡಕ್ಕೊಂದು ಬಲಕ್ಕೊಂದು ಬೋಗುಣಿ ಕಟ್ಟಿ, ಎರಡಕ್ಕೂ ಹಿಡಿಗೆ ಹಿಡಿ ಸರಿಯಾಗಿ ಕಾಳು ಹಾಕುವುದು ಅವರೇ ಕಂಡುಹಿಡಿದ ವಿಧಾನ. ಎಡ ಬೋಗುಣಿಯದು ಎಡಗೊಂಬಿಗೆ ಹೋಗುತ್ತದೆ, ಬಲ ಬೋಗುಣಿಯದು ಬಲಗೊಂಬಿಗೆ. ನೆಂಟರು ಊಟಕ್ಕೆ ಕರೆದಲ್ಲೆಲ್ಲ ಅವರು ಇದನ್ನು ತಟ್ಟೆ, ಲೋಟ, ಉಪ್ಪಿನ ಡಬ್ಬಿಗಳ ಸಹಾಯದಿಂದ ವಿವರಿಸಿದ್ದರು. ಅದರಿಂದಾಗಿ ನೆಂಟರು ಊಟಕ್ಕೆ ಕರೆಯುವುದೇ ಕಡಿಮೆಯಾಗಿತ್ತು. ಹೊಟ್ಟೆಕಿಚ್ಚು ಎಂದು ಅವರು ಸುಮ್ಮನಾಗಿದ್ದರು.

ಆ ವರ್ಷ ಬಲಗೊಂಬು ಹಿಂದೆ ಬಿದ್ದಿತು. ಎಡದ್ದು ಕವಲೊಡೆದರೂ ಬಲದ್ದು ಇನ್ನೂ ಗೆಣ್ಣಿನಷ್ಟೇ ಇತ್ತು. "ತಡವಾಗಿ ಹೊರಟಿದೆ, ಓಡಿ ಹೋಗಿ ಹಿಡ್ಕೊಳ್ಳುತ್ತೆ," ಎಂದು ಭೂತಗನ್ನಡಿಯವರು ಬಲ ಬೋಗುಣಿಗೆ ಕಾಳು ಹೆಚ್ಚಿಸಿದರು. ದೊರೆ ದಪ್ಪವಾಯಿತು. ಕೊನೆಗೆ ತೊಗಲು ಸುಲಿದ ದಿನ ನೋಡಿದರೆ ಎಡಗಡೆ ಹಳೆಯ ವೈಭವ. ಬಲಗಡೆ ಒಣಗಿದ ಶುಂಠಿಯ ತುಂಡಿನ ಹಾಗೆ ಸೊಟ್ಟಗೆ ಏನೋ ಒಂದು ಕಿವಿಯ ಕಡೆಗೆ ಬಾಗಿಕೊಂಡಿತ್ತು. ತೊಗಲು ಸುಲಿದ ಮೇಲೆ ಕೊಂಬು ಬೆಳೆಯುವುದಿಲ್ಲ. ಆ ವರ್ಷಕ್ಕೆ ಅಷ್ಟೇ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ದಿನಾ ಬೆಳಿಗ್ಗೆ ಬೇಲಿಯ ಹತ್ತಿರದ ಬೆಂಚಿನ ಮೇಲೆ ಕೂತು ಪೇಪರು ಓದುವವರು. ಅವರು ಕನ್ನಡಕದ ಮೇಲಿಂದ ದೊರೆಯನ್ನು ನೋಡಿದರು.

"ಬಲಗಡೆ ಬೋಗುಣಿಗೆ ತೂತು ಬಿದ್ದಿದೆಯೇನೋ ನೋಡಿ," ಎಂದರು.

ಭೂತಗನ್ನಡಿಯವರು ನಿಜಕ್ಕೂ ಬೋಗುಣಿ ಬಿಚ್ಚಿ, ನೀರು ತುಂಬಿ, ಮೇಲೆತ್ತಿ ನೋಡಿದರು. ತೂತು ಇರಲಿಲ್ಲ. ಬೋಗುಣಿ ಸರಿ, ವಿಧಾನ ಸರಿ, ಕಾಳು ಸರಿ. ಹಾಗಾದರೆ ಉಳಿದದ್ದು ಮನುಷ್ಯರು.

ಸುದ್ದಿ ಉದ್ಯಾನ ಸಮಿತಿಯ ಕಾರ್ಯದರ್ಶಿಗಳಿಗೆ ಮುಟ್ಟಿತು. ಅವರು ಕೊಡೆ ಊರಿಕೊಂಡು ಬಂದು ಬೇಲಿಯ ಮುಂದೆ ನಿಂತರು.

"ಇದೇನ್ರೀ?"

"ಕೊಂಬು ಸಾರ್."

"ಅದು ಕಾಣ್ತಿದೆ. ಇನ್ನೊಂದೆಲ್ಲಿ?"

"ಅದೂ ಅಲ್ಲೇ ಇದೆ ಸಾರ್. ಸ್ವಲ್ಪ ಬಗ್ಗಿ ನೋಡಬೇಕು."

ಕಾರ್ಯದರ್ಶಿಗಳು ಬಗ್ಗಿ ನೋಡಿದರು. ನೆಟ್ಟಗಾಗುವಾಗ ಅವರ ಮುಖ ಬಿಗಿದುಕೊಂಡಿತ್ತು. "ಹುಟ್ಟುದೋಷ. ರಕ್ತದಲ್ಲೇ ಬಂದಿರೋದು. ಮರಿಗಳಿಗೂ ಹತ್ತುತ್ತೆ. ನಿಯಮ ಗೊತ್ತಲ್ಲ ನಿಮಗೆ? ದೋಷ ಇರೋದು ಶಿಕಾರಿ ಕಾಡಿಗೆ."

ಗುಡ್ಡದಾಚೆ ಬೇಲಿ ಹಾಕಿದ ಶಿಕಾರಿ ಕಾಡು ಒಂದಿತ್ತು. ಅಲ್ಲಿಗೆ ಹೋದ ಜಿಂಕೆ ಯಾವುದೂ ತಿರುಗಿ ಬಂದದ್ದಿಲ್ಲ. ಭೂತಗನ್ನಡಿಯವರು ಬೇಲಿಗೆ ಅಡ್ಡ ನಿಂತರು.

"ಹುಟ್ಟುದೋಷ ಆಗಿದ್ರೆ ಇಷ್ಟು ವರ್ಷ ಎಲ್ಲಿತ್ತು ಸಾರ್? ಇದರಲ್ಲಿ ಯಾರದೋ ಕೈವಾಡ ಇದೆ."

"ಕೈವಾಡ ಅಂತ ತೋರಿಸಿ. ಹೊರಗಿಂದ ಪೆಟ್ಟಾಗಿದ್ರೆ ಸಮಿತಿ ಇಟ್ಕೊಳ್ಳುತ್ತೆ. ಇಲ್ಲಾಂದ್ರೆ ಮುಂದಿನ ಸಭೆ ಆದ್ಮೇಲೆ ಲಾರಿ ಬರುತ್ತೆ," ಎಂದು ಕಾರ್ಯದರ್ಶಿಗಳು ಕೊಡೆ ಬೀಸುತ್ತಾ ಹೋದರು.

ದೊರೆಯ ಪ್ರಾಣ ಉಳಿಯಬೇಕಾದರೆ ಒಬ್ಬ ಅಪರಾಧಿ ಬೇಕು. ಇಂಥ ಕೆಲಸಕ್ಕೆ ಭೂತಗನ್ನಡಿಯವರಿಗಿಂತ ಯೋಗ್ಯರು ಬೇರೆ ಯಾರು? ಅವರು ಮೊದಲು ಮೇಷ್ಟ್ರನ್ನೇ ಹಿಡಿದುಕೊಂಡರು.

"ನೀವು ಯಾವಾಗ್ಲೂ ಬಲಗಡೆ ಬೆಂಚಲ್ಲೇ ಯಾಕೆ ಕೂರ್ತೀರಿ?"

"ಎಡಗಡೆ ಬೆಂಚಿಗೆ ಕಾಲಿಲ್ಲ."

"ಕಾಲು ಮುರಿದವರು ಯಾರು?"

"ನೀವೇ. ನಾನು ಏನು ಓದ್ತೀನಿ ಅಂತ ನೋಡೋಕೆ ಅದರ ಹಿಂದೆ ಅಡಗಿ ಕೂತಿದ್ರಲ್ಲ, ಏಳುವಾಗ ಹಿಡ್ಕೊಂಡು ಎದ್ರಿ," ಎಂದು ಮೇಷ್ಟ್ರು ಪುಟ ತಿರುಗಿಸಿದರು.

ಉತ್ತರ ಇಷ್ಟು ಸಲೀಸಾಗಿ ಬಂದಿದೆಯೆಂದರೆ ಮೊದಲೇ ತಯಾರು ಮಾಡಿಟ್ಟುಕೊಂಡದ್ದು ಎಂದು ಭೂತಗನ್ನಡಿಯವರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು. ಆದರೂ ಮೇಷ್ಟ್ರಿಗೆ ಕೊಂಬಿನಿಂದ ಏನು ಲಾಭ? ಲಾಭ ಇದ್ದವನು ಊರಿನಲ್ಲಿ ಒಬ್ಬನೇ. ಅವನು ಅವರ ಭಾಮೈದ.

ಹೆಂಡತಿಯ ತಮ್ಮನಾದ ಈ ಭಾಮೈದ ಚಾಕು ಮಾಡುವವನು. ಬೀದಿಯ ತುದಿಯಲ್ಲಿ ಸಾಣೆಯಂತ್ರ ಇಟ್ಟುಕೊಂಡು ಅಂಗಡಿ ಹಾಕಿದ್ದ. ಪ್ರತಿ ವರ್ಷ ದೊರೆಯ ಕೊಂಬು ಬಿದ್ದಾಗ, "ಭಾವ, ಬಿದ್ದಿರೋದು ತಾನೆ, ನನಗೆ ಕೊಡಿ, ಚಾಕು ಹಿಡಿಗೆ ಚೆನ್ನಾಗಿರುತ್ತೆ," ಎಂದು ಕೇಳುತ್ತಿದ್ದ. ಭೂತಗನ್ನಡಿಯವರು ಒಂದು ಸಲವೂ ಕೊಟ್ಟಿರಲಿಲ್ಲ. ಎಲ್ಲವನ್ನೂ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಒಂದು ಕಡೆ ಬಚ್ಚಿಟ್ಟು, ಆ ಜಾಗ ಯಾರಾದರೂ ನೋಡಿರಬಹುದೆಂದು ಇನ್ನೊಂದು ಕಡೆ ಬಚ್ಚಿಟ್ಟು, ಈಗ ಅದು ಎಲ್ಲಿದೆ ಎಂದು ಅವರಿಗೂ ತಿಳಿದಿರಲಿಲ್ಲ.

ಅವತ್ತು ಸಂಜೆ ಭಾಮೈದ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದ. ಊಟ ಮುಗಿಯುತ್ತಾ ಬಂದಾಗ ಜೇಬಿನಿಂದ ಚಾಕು ತೆಗೆದು ಅಕ್ಕನಿಗೆ ಹಣ್ಣು ಹೆಚ್ಚಿಕೊಡತೊಡಗಿದ. ಭೂತಗನ್ನಡಿಯವರ ಕೈ ತಟ್ಟೆಯಲ್ಲೇ ನಿಂತಿತು.

"ಹಿಡಿ ಹೊಸದಾ?"

"ಹೌದು ಭಾವ. ಚೆನ್ನಾಗಿದೆಯಾ?"

"ಕೊಂಬಿಂದಾ?"

"ಎಮ್ಮೆ ಕೊಂಬು."

"ಯಾವ ಎಮ್ಮೆ?"

ಭಾಮೈದ ಹೆಚ್ಚುವುದನ್ನು ನಿಲ್ಲಿಸಿದ. "ಹೆಸರು ಕೇಳಿಟ್ಕೊಳ್ಳಲಿಲ್ಲ ಭಾವ."

"ಬಲಗೊಂಬಾ, ಎಡಗೊಂಬಾ?"

"ರೀ, ಊಟಕ್ಕೆ ಕೂತು ಎಮ್ಮೆ ವಿಚಾರಣೆ ಯಾಕೆ?" ಎಂದರು ಹೆಂಡತಿ.

"ನಮ್ಮ ದೊರೆ ಕೊಂಬನ್ನ ಯಾರೋ ಕೊಯ್ದಿದ್ದಾರೆ ಕಣೆ."

"ಕೊಯ್ದಿದ್ರೆ ಗುರುತು ಇರುತ್ತಲ್ಲ ಭಾವ. ಅದು ಬೆಳೆದೇ ಇಲ್ಲ, ನಾನೂ ನೋಡಿದೆ."

"ಗುರುತು ಇಲ್ಲ. ಅಲ್ಲೇ ಇರೋದು ವಿಷಯ! ಗುರುತೇ ಕಾಣದ ಹಾಗೆ ಕೊಯ್ಯೋ ಕೈ ಈ ಊರಲ್ಲಿ ಎಷ್ಟು ಜನಕ್ಕಿದೆ? ಒಬ್ಬನಿಗೆ."

ಭಾಮೈದ ಚಾಕು ಮಡಚಿ ಜೇಬಿಗಿಟ್ಟುಕೊಂಡ. "ಇಷ್ಟು ವರ್ಷದಲ್ಲಿ ನೀವು ನನ್ನ ಕೆಲಸ ಹೊಗಳಿದ್ದು ಇದೇ ಮೊದಲು ಭಾವ. ಅದೂ ಕಳ್ಳತನಕ್ಕೆ," ಎಂದು ಕೈ ತೊಳೆದು, ಅಕ್ಕನ ಕಡೆಗೂ ನೋಡದೆ ಚಪ್ಪಲಿ ಮೆಟ್ಟಿ ಹೊರಟುಹೋದ.

ಹೆಂಡತಿ ತಟ್ಟೆಗಳನ್ನು ಒಂದರ ಮೇಲೊಂದು ಕುಕ್ಕಿದರು. "ಅಮ್ಮ ಹೋದ್ಮೇಲೆ ಅವನನ್ನ ಎತ್ತಿ ಆಡಿಸಿ ಬೆಳೆಸಿದ್ದು ನಾನು. ಅವನ ಮೇಲೆ ಕಳ್ಳತನ ಹೊರಿಸೋಕೆ ನಿಮಗೇನು ಎರಡು ಕೊಂಬಿದೆಯಾ? ಅವನನ್ನ ವಾಪಸ್ ಕರ್ಕೊಂಡು ಬರೋವರೆಗೆ ನನ್ನ ಜೊತೆ ಮಾತಾಡಬೇಡಿ."

ಮಾತು ನಿಂತಿತು. ಮಾತು ನಿಲ್ಲಿಸಿದ್ದಾಳೆಂದರೆ ತಮ್ಮನ ಬಗ್ಗೆ ಏನೋ ಬಾಯಿ ತಪ್ಪಿ ಬಂದೀತೆಂದು ಹೆದರಿದ್ದಾಳೆ ಎಂದು ಭೂತಗನ್ನಡಿಯವರಿಗೆ ಹೊಳೆಯಿತು. ಇಂಥ ಹೊಳಹುಗಳಿಗೆ ಅವರಲ್ಲಿ ಯಾವತ್ತೂ ಬರ ಇರಲಿಲ್ಲ.

ಸಭೆಗೆ ಮೊದಲು ಸಮಿತಿಯವರು ಪಶುವೈದ್ಯೆಯನ್ನು ಕಳಿಸಿದರು. ಡಾಕ್ಟರಮ್ಮ ಚೀಲ ಹಿಡಿದು ಆವರಣದ ಚಿಕ್ಕ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರು. ಹಿಂದಿನ ಕಾಲು ಇನ್ನೂ ಹೊಸಿಲಲ್ಲೇ ಇತ್ತು. ಬಾಗಿಲು ಫಟ್ಟನೆ ಹಿಂತಿರುಗಿ ಬಂದು ಹಿಮ್ಮಡಿಗೆ ಬಡಿಯಿತು. ಡಾಕ್ಟರಮ್ಮ ಚೀಲ ಬಿಟ್ಟು, ಒಂಟಿ ಕಾಲಿನಲ್ಲಿ ಕುಣಿದು, ಹುಲ್ಲಿನ ರಾಶಿಯ ಮೇಲೆ ಕೂತುಬಿಟ್ಟರು.

"ಅಯ್ಯಪ್ಪಾ! ಇದೇನು ಬಾಗಿಲೋ, ಇಲಿ ಬೋನೋ?"

ಭೂತಗನ್ನಡಿಯವರ ಎದೆ ಉಬ್ಬಿತು. "ಕಳ್ಳರಿಗೆ ಮೇಡಂ. ಹೋದ ಚಳಿಗಾಲದಲ್ಲಿ ಕೊಂಬು ಬೀಳೋ ಹೊತ್ತಲ್ಲಿ ಯಾರಾದ್ರೂ ನುಗ್ಗಬಹುದು ಅಂತ ಅನುಮಾನ ಬಂತು. ಲಾರಿಯ ಹಳೇ ಸ್ಪ್ರಿಂಗು, ನಾನೇ ಹಾಕಿದ್ದು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಕಳ್ಳನ ಕಿವಿಗೆ ಬೀಳುತ್ತಲ್ಲ!"

ಭೂತಗನ್ನಡಿಯವರನ್ನು ಬೇಲಿಯ ಹೊರಗೇ ಬಿಟ್ಟು ಡಾಕ್ಟರಮ್ಮ ಹಿಮ್ಮಡಿ ತಿಕ್ಕಿಕೊಂಡು ದೊರೆಯ ಬಳಿಗೆ ಹೋದರು. ಉಪ್ಪಿನ ಗಟ್ಟಿ ನೆಕ್ಕುತ್ತಿದ್ದ ದೊರೆಯ ತಲೆ ಸವರಿ, ಕೊಂಬಿನ ಬುಡ ಮುಟ್ಟಿ ನೋಡಿದರು.

"ಒಂದು ಕೊಂಬು ಕೆಡೋಕೆ ಕಾರಣ ಬೇಕಾದಷ್ಟಿರುತ್ತೆ. ಬುಡಕ್ಕೆ ಪೆಟ್ಟು ಬಿದ್ದಿರಬಹುದು. ತೊಗಲು ಇರೋವಾಗ ಕೊಂಬು ತುಂಬಾ ಎಳೇದು, ಬೇಲಿಗೆ ತಾಗಿದ್ರೂ ಸಾಕು. ಮೇವು ಸಾಲದೆ ಹೋದ್ರೂ, ವಯಸ್ಸಾದ್ರೂ ಬೆಳವಣಿಗೆ ಕೆಡುತ್ತೆ."

"ಮೇವು ಸಾಲದೆ?" ಭೂತಗನ್ನಡಿಯವರಿಗೆ ಅವಮಾನವಾಯಿತು. "ಬಲ ಬೋಗುಣಿಗೆ ಹೆಚ್ಚೇ ಹಾಕಿದ್ದೀನಿ ಮೇಡಂ."

ಬಲ ಬೋಗುಣಿ ಎಂದರೆ ಏನೆಂದು ಡಾಕ್ಟರಮ್ಮ ಕೇಳಲಿಲ್ಲ. ಅವರು ದೊರೆಯ ಹಿಂದೆ ಹೋಗಿ ಕೂತಿದ್ದರು. "ಬುಡ ಚೆನ್ನಾಗಿದೆ. ಹಿಂದಿನ ಎಡಗಾಲು ನೋಡಿ, ಇಲ್ಲಿ ಮೂಳೆ ಗಂಟು ಕಟ್ಟಿದೆ. ಹಳೇ ಪೆಟ್ಟು. ಹಿಂಗಾಲಿಗೆ ಜೋರಾಗಿ ಪೆಟ್ಟಾದ್ರೆ ಎದುರು ಬದಿಯ ಕೊಂಬು ಕೆಡುತ್ತೆ. ಎಡಗಾಲಿಗೆ ಆದ್ರೆ ಬಲಗೊಂಬು."

"ಎಡಗಾಲಿಗೂ ಬಲಗೊಂಬಿಗೂ ಒಳಗೊಳಗೇ ಸಂಬಂಧ ಇದೆಯಾ?" ಭೂತಗನ್ನಡಿಯವರು ಬಾಯಿ ತೆರೆದರು. ಇಷ್ಟು ವರ್ಷ ತಮ್ಮ ಕಣ್ಣೆದುರಿಗೇ ಇಂಥದೊಂದು ಒಳಸಂಚು ನಡೆದಿತ್ತಲ್ಲ!

"ಇದೆ. ಯಾಕೆ ಹಾಗೆ ಅನ್ನೋದು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಹೊಸ ಕೊಂಬು ಮೊಳೆಯೋ ಹೊತ್ತಲ್ಲಿ ಇದು ಕುಂಟುತ್ತಿತ್ತಾ?"

"ಕುಂಟುತ್ತಿತ್ತು. ನಾಟಕ ಅಂದ್ಕೊಂಡೆ."

"ಯಾರ ನಾಟಕ?"

"ಇದರದೇ. ಕಾಳು ಹೆಚ್ಚಿಗೆ ಗಿಟ್ಟಿಸ್ಕೊಳ್ಳೋಕೆ."

ಡಾಕ್ಟರಮ್ಮ ತಮ್ಮ ಹಿಮ್ಮಡಿ ನೋಡಿಕೊಂಡರು, ದೊರೆಯ ಕಾಲಿನ ಗಂಟು ನೋಡಿದರು, ಆಮೇಲೆ ಬಾಗಿಲು ನೋಡಿದರು. ಭೂತಗನ್ನಡಿಯವರೂ ಅದೇ ಕ್ರಮದಲ್ಲಿ ನೋಡಿದರು. ಬಾಗಿಲಿನ ಕೆಳಗಿನ ಸಂದಿನಲ್ಲಿ ಕಂದು ಬಣ್ಣದ ಕೂದಲಿನ ಒಂದು ಗಂಟು ಸಿಕ್ಕಿಕೊಂಡಿತ್ತು. ಅವರ ಬೆನ್ನಿಗೇ ಹೊರಬರಲು ನೋಡಿದ ದೊರೆಯ ಕಾಲಿನದು; ಎಷ್ಟೋ ತಿಂಗಳಿಂದ ಅಲ್ಲೇ ಇದ್ದಿರಬೇಕು. ಊರಿನವರ ಕಿಸೆ, ಕಣ್ಣು, ಬೆಂಚು ಎಲ್ಲವನ್ನೂ ಶೋಧಿಸಿದ್ದ ಮನುಷ್ಯ ತನ್ನ ಬಾಗಿಲನ್ನು ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ಭೂತಗನ್ನಡಿಯವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಂಕಟವಾಯಿತು. ಕುಂಟುತ್ತಿದ್ದ ದೊರೆಯನ್ನು ನೋಡಿ, "ಸಾಕು ನಿಲ್ಸೋ ನಿನ್ನ ವೇಷ," ಎಂದು ಬೈದದ್ದು ನೆನಪಾಗಿ ಕಣ್ಣು ತುಂಬಿ ಬಂತು. ಡಾಕ್ಟರಮ್ಮ ಹೋದ ಮೇಲೆ ಸ್ಪ್ರಿಂಗನ್ನು ಕಿತ್ತು ಹಿತ್ತಲಿನ ಹಾಳು ಬಾವಿಗೆ ಎಸೆದರು. ಹೇಗೂ ಅಪರಾಧಿ ಸಿಕ್ಕ; ದೊರೆ ಉಳಿಯುತ್ತದೆ; ತಾನು ಒಪ್ಪಿಕೊಂಡರೆ ಆಯಿತು ಎಂದುಕೊಂಡರು. ಒಪ್ಪಿಕೊಳ್ಳುವುದು ಸುಲಭ ಎಂಬುದು ಅವರ ಭ್ರಮೆಯಾಗಿತ್ತು.

ಸಭೆಯಲ್ಲಿ ಉದ್ದನೆಯ ಮೇಜಿನ ಆಚೆ ಕಾರ್ಯದರ್ಶಿಗಳೂ ಸದಸ್ಯರೂ ಕೂತಿದ್ದರು. ಡಾಕ್ಟರಮ್ಮ ಕಾಲಿನ ಪೆಟ್ಟಿನ ವಿಷಯ ಹೇಳಿದರು. ಭೂತಗನ್ನಡಿಯವರು ಎದ್ದು ನಿಂತು, "ಸ್ಪ್ರಿಂಗು ಹಾಕಿದ್ದು ನಾನೇ ಸಾರ್. ತಪ್ಪು ನನ್ನದೇ," ಎಂದರು.

ಕಾರ್ಯದರ್ಶಿಗಳು ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಯಾರನ್ನ ಉಳಿಸೋಕೆ ಹೀಗೆ ಹೇಳ್ತಿದ್ದೀರಿ?"

"ಯಾರನ್ನೂ ಇಲ್ಲ ಸಾರ್. ನಾನೇ ಹಾಕಿದ್ದು."

"ನೀವು ಹುಟ್ಟಿದಾಗಿಂದ ಯಾವ ತಪ್ಪನ್ನಾದ್ರೂ ನಿಮ್ಮದು ಅಂತ ಹೇಳಿದ್ದೀರಾ? ಇವತ್ತೇನು ವಿಶೇಷ? ಹಾಕಿದ್ದನ್ನ ನೋಡಿದವರು ಯಾರು?"

"ಯಾರೂ ನೋಡಬಾರದು ಅಂತಾನೇ ಹಾಕಿದ್ದು ಸಾರ್."

"ಆ ಸ್ಪ್ರಿಂಗು ಎಲ್ಲಿ?"

"ಬಾವಿಗೆ ಎಸೆದೆ."

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರಮ್ಮ, "ಬಾಗಿಲು ನನಗೂ ಬಡಿಯಿತು, ಅವರೇ ಹಾಕಿದ್ದು ಅಂತ ಆಗಲೂ ಹೇಳಿದ್ರು. ಆದ್ರೆ ಹಾಕಿದ್ದನ್ನ ನಾನು ನೋಡಿಲ್ಲ," ಎಂದರು. ಇಷ್ಟರಲ್ಲಿ ಭಾವನ ಜೊತೆಗಿರು ಎಂಬ ಅಕ್ಕನ ಮಾತಿಗೆ ಕಟ್ಟುಬಿದ್ದು ಬಾಗಿಲ ಹೊರಗೆ ನಿಂತಿದ್ದ ಭಾಮೈದ ತಡೆಯಲಾರದೆ ಒಳಗೆ ನುಗ್ಗಿದ.

"ಸಾರ್, ನಮ್ಮ ಭಾವನ ಮಾತು ನಂಬಬೇಡಿ! ಅವರಿಗೆ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ. ಮನೇಲಿ ಕ್ಯಾಲೆಂಡರ್ ಹಾಕಿರೋದೂ ನಾನೇ. ಲಾರಿ ಸ್ಪ್ರಿಂಗು ಬಗ್ಗಿಸಿ ಬಾಗಿಲಿಗೆ ಕೂರಿಸೋದು ಅವರ ಕೈಲಿ ಆಗೋ ಮಾತಾ? ಅವರು ನಿರಪರಾಧಿ ಸಾರ್!"

"ಲೋ, ಸುಮ್ನಿರೋ," ಎಂದು ಭೂತಗನ್ನಡಿಯವರು ಹಲ್ಲು ಕಚ್ಚಿದರು.

"ನೋಡಿದ್ರಾ, ಹೆದರ್ಕೊಂಡಿದ್ದಾರೆ," ಎಂದ ಭಾಮೈದ ಪ್ರೀತಿಯಿಂದ.

ಸಮಿತಿ ತೀರ್ಮಾನಿಸಿತು: ಪೆಟ್ಟು ಹೊರಗಿನದೇ, ಆದ್ದರಿಂದ ದೊರೆ ಇಲ್ಲೇ ಇರಲಿ. ಆದರೆ ಇದರ ಹಿಂದೆ ಯಾರೋ ದೊಡ್ಡ ಕೈ ಇದೆ. ನಿಜವಾದ ಅಪರಾಧಿ ಸಿಗುವವರೆಗೆ ಜಿಂಕೆಯೇ ಸಾಕ್ಷ್ಯ. ಅದನ್ನು ಯಾರೂ ಕದಲಿಸಬಾರದು.

ಹೊರಗೆ ಮೆಟ್ಟಿಲ ಮೇಲೆ ಭೂತಗನ್ನಡಿಯವರು ಭಾಮೈದನ ಕೈ ಹಿಡಿದು, "ತಪ್ಪಾಯ್ತಪ್ಪಾ. ಬೀರು ಬೀಗ ಒಡೆದು ಆ ಕೊಂಬುಗಳನ್ನೆಲ್ಲ ನೀನೇ ತಗೊಂಡು ಹೋಗು," ಎಂದರು. ಭಾಮೈದ ಕೈ ಹಿಂದಕ್ಕೆಳೆದುಕೊಂಡು ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. "ಏನ್ ಭಾವ, ಅದನ್ನ ನನ್ನ ಅಂಗಡೀಲಿ ಇಟ್ಟು ಹಿಡಿಸಿಕೊಡೋ ಯೋಚನೆನಾ?" ಎಂದ. ಗಂಡ ತಮ್ಮನ ಕೈ ಹಿಡಿದು ತಪ್ಪಾಯ್ತು ಎಂದದ್ದು ಕಿವಿಗೆ ಬಿದ್ದು ಮನೆಯಲ್ಲಿ ಹೆಂಡತಿ ಮಾತು ಶುರು ಮಾಡಿದ್ದರು. ಮೊದಲನೆಯ ಮಾತು, "ಬಾಗಿಲಲ್ಲಿ ಸಿಕ್ಕಿಬಿದ್ದಿದ್ದು ಆ ಡಾಕ್ಟರಮ್ಮ, ಅವಳ ತಪ್ಪನ್ನ ನೀವ್ಯಾಕ್ರೀ ಮೈಮೇಲೆ ಹಾಕ್ಕೊಂಡ್ರಿ?" ಎಂಬುದಾಗಿತ್ತು.

ಊರಿನಲ್ಲಿ ಕಣ್ಣಾರೆ ಕಂಡು ಸತ್ಯ ಗೊತ್ತಿದ್ದದ್ದು ಈಗ ಇಬ್ಬರಿಗೆ: ಭೂತಗನ್ನಡಿಯವರಿಗೆ, ದೊರೆಗೆ. ಅವರಲ್ಲೂ ಹೊಂದಾಣಿಕೆ ಇರಲಿಲ್ಲ. ಕಾಲಿಗೆ ಪೆಟ್ಟಾದಾಗಿನಿಂದಲೂ ಭೂತಗನ್ನಡಿಯವರು ಆವರಣದ ಒಳಗೆ ಹೋದರೆ ಸಾಕು, ದೊರೆ ಹಿಂದಿನ ಎಡಗಾಲು ಎತ್ತಿಕೊಂಡು ಮರದ ಮರೆಗೆ ಸರಿದು ಕತ್ತು ಮಾತ್ರ ಹೊರಗೆ ಹಾಕಿ ನೋಡುತ್ತಿತ್ತು. ಅವರು ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಕಲ್ಲು ಕೊಟ್ಟರು, ಮೆಲ್ಲಗೆ ಮಾತಾಡಿಸಿದರು, ಗಂಟೆಗಟ್ಟಲೆ ಹುಲ್ಲಿನ ಮೇಲೆ ಕೂತು ಕಾದರು. ದೊರೆ ಕದಲಲಿಲ್ಲ. ಒಬ್ಬರು ತಮ್ಮನ್ನು ನಂಬದೆ ಹೋದರೆ ಹೊಟ್ಟೆಯೊಳಗೆ ಹೇಗಾಗುತ್ತದೆಂದು ಆ ವರ್ಷವೆಲ್ಲ ಅವರು ಅರಿತುಕೊಂಡರು.

ಮತ್ತೆ ಚಳಿಗಾಲ ಬಂತು, ಕೊಂಬು ಬಿತ್ತು, ಹೊಸದು ಮೊಳೆಯಿತು. ಕಾಲಿನ ನೋವು ಮಾಗಿತ್ತೇನೋ, ತೊಗಲು ಸುಲಿದ ದಿನ ನೋಡಿದರೆ ಎಡದ್ದೂ ಬಲದ್ದೂ ಒಂದೇ ಸಮ. ಭೂತಗನ್ನಡಿಯವರು ಬೇಲಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಅಳು ಮುಗಿಯುವ ಮೊದಲೇ ಕಾರ್ಯದರ್ಶಿಗಳು ಸಮಿತಿಯನ್ನೆಲ್ಲ ಕಟ್ಟಿಕೊಂಡು ಬಂದರು.

"ಹಳೇ ಜಿಂಕೆ ಎಲ್ಲಿ?"

"ಇದೇ ಸಾರ್ ಅದು."

"ಸೊಟ್ಟ ಕೊಂಬು ನೆಟ್ಟಗಾಗುತ್ತಾ? ಯಾರಿಗೆ ಹೇಳ್ತೀರಿ? ಸಾಕ್ಷ್ಯ ಬದಲಾಯಿಸಿದ್ದೀರಿ! ಎಲ್ಲಿಂದಲೋ ತಂದ ಜಿಂಕೆಗೆ ಇಲ್ಲಿ ಜಾಗ ಇಲ್ಲ. ಲಾರಿ ಹೊರಗೇ ನಿಂತಿದೆ, ಶಿಕಾರಿ ಕಾಡಿಗೆ ಹೋಗಲಿ. ಇದೇ ಅದು ಅನ್ನೋದಕ್ಕೆ ಏನಾದ್ರೂ ಗುರುತಿದ್ರೆ ತೋರಿಸಿ."

"ಕಾಲಲ್ಲಿ ಗಂಟಿದೆ ಸಾರ್!"

"ಜಿಂಕೆ ಬದಲಾಯಿಸಿದವರಿಗೆ ಗಂಟು ಮಾಡೋದೇನು ಕಷ್ಟ?"

ಇಷ್ಟು ಒಳ್ಳೆಯ ಅನುಮಾನ ತಮಗೇ ಬಂದಿದ್ದರೆ ಭೂತಗನ್ನಡಿಯವರು ಬೀದಿ ತುಂಬಾ ಹೇಳಿಕೊಂಡು ತಿರುಗುತ್ತಿದ್ದರು. ಈಗ ಅವರು ಒಂದು ಕ್ಷಣ ನೆಲ ನೋಡಿದರು. ಆಮೇಲೆ ಮೇಲಕ್ಕೆ ನೋಡಿ, "ಸಾರ್, ಒಂದು ಕೆಲಸ ಮಾಡಿ. ಎಲ್ಲರೂ ಒಬ್ಬೊಬ್ಬರಾಗಿ ಒಳಗೆ ಹೋಗಿ ಬನ್ನಿ. ಕೊನೆಗೆ ನಾನು ಹೋಗ್ತೀನಿ," ಎಂದರು.

ಕಾರ್ಯದರ್ಶಿಗಳು ಒಳಗೆ ಹೋದರು. ದೊರೆ ಬಂದು ಅವರ ಕೊಡೆಯ ಹಿಡಿಯನ್ನು ಮೂಸಿ ನೆಕ್ಕಿತು. ಸದಸ್ಯರು ಹೋದರು, ಅವರ ಅಂಗೈ ನೆಕ್ಕಿತು. ಗಲಾಟೆ ಕೇಳಿ ಬಂದಿದ್ದ ಭಾಮೈದ ಹೋದ. ಅವನ ಜೇಬಿಗೆ ಮೂತಿ ತೂರಿಸಿತು. ಮೇಷ್ಟ್ರು ಹೋದರು, ಅವರ ಪೇಪರಿನ ಮೂಲೆ ತಿಂದಿತು.

ಕೊನೆಗೆ ಭೂತಗನ್ನಡಿಯವರು ಹೊಸಿಲು ದಾಟಿದರು. ದೊರೆ ತಟ್ಟನೆ ತಲೆ ಎತ್ತಿತು. ಹಿಂದಿನ ಎಡಗಾಲನ್ನು ಮಡಿಸಿ ಎತ್ತಿಕೊಂಡಿತು. ಕುಂಟುತ್ತಾ ಕುಂಟುತ್ತಾ ಮರದ ಹಿಂದೆ ಹೋಗಿ, ಕತ್ತು ಹೊರಗೆ ಹಾಕಿ, ಒಮ್ಮೆ ಭೂತಗನ್ನಡಿಯವರನ್ನೂ ಒಮ್ಮೆ ಅವರ ಬೆನ್ನ ಹಿಂದಿನ ಬಾಗಿಲನ್ನೂ ನೋಡಿತು. ಅಂಥ ಅನುಮಾನದ ನೋಟವನ್ನು ಆ ಊರಿನವರು ಒಬ್ಬ ಮನುಷ್ಯನ ಮುಖದಲ್ಲಿ ಮಾತ್ರ ಕಂಡಿದ್ದರು.

"ಹೊಸ ಜಿಂಕೆಗೆ ನನ್ನ ಮೇಲೆ ಯಾಕೆ ಸಾರ್ ಇಷ್ಟು ಅನುಮಾನ?" ಎಂದರು ಭೂತಗನ್ನಡಿಯವರು. "ಇದರ ಕಾಲು ಮುರಿದವನು ಯಾರು ಅಂತ ಇದಕ್ಕೆ ಗೊತ್ತು."

ಲಾರಿಯವನು ಎಂಜಿನ್ ಆರಿಸಿದ. ಕಾರ್ಯದರ್ಶಿಗಳು ಕೊಡೆಯ ಒದ್ದೆ ಹಿಡಿಯನ್ನು ಒರೆಸಿಕೊಂಡರು.

"ಹಾಗಾದ್ರೆ ಇದು ಅದೇ ಜಿಂಕೆ," ಎಂದರು. "ಸ್ಪ್ರಿಂಗು ಹಾಕಿದ್ದೂ ನೀವೇ."

"ನಾನೇ ಸಾರ್!"

"ನಾಳೆಯಿಂದ ನಿಮಗೆ ಜಿಂಕೆ ಕೆಲಸ ಇಲ್ಲ. ಆಚೆ ಕಡೆ ಹೂವಿನ ಮಡಿ ನೋಡ್ಕೊಳ್ಳಿ."

"ಆಗಲಿ ಸಾರ್! ಬಹಳ ಉಪಕಾರವಾಯ್ತು ಸಾರ್!" ಭೂತಗನ್ನಡಿಯವರು ಕಣ್ಣೊರೆಸಿಕೊಂಡು, ಸಿಕ್ಕಸಿಕ್ಕವರ ಕೈ ಕುಲುಕಿ, ಭಾಮೈದನನ್ನು ತಬ್ಬಿಕೊಂಡು, ಮರದ ಕಡೆ ತಿರುಗಿ ಕೈ ಮುಗಿದರು. ಅಪರಾಧ ಸಾಬೀತಾದದ್ದಕ್ಕೆ ಇಷ್ಟು ಹಿಗ್ಗುವ ಮನುಷ್ಯನನ್ನು ಸಮಿತಿ ಅದುವರೆಗೆ ಕಂಡಿರಲಿಲ್ಲ. ಕಾರ್ಯದರ್ಶಿಗಳಿಗೆ ಅದರ ಮೇಲೂ ಸ್ವಲ್ಪ ಅನುಮಾನ ಬಂತು.